ಗೊರಟೆಯೊಳಗಿನ ಮರ

ಹಣ್ಣಿನ ಗಿಡವನ್ನು ಮನೆಯಲ್ಲಿ ಬೆಳೆಸಲು ಎರಡು ದಾರಿಗಳಿವೆ. ಒಳ್ಳೆಯ ಹಣ್ಣು ಕೊಡುವುದೆಂದು ಗೊತ್ತಿರುವ ಮರದ ಕುಡಿಯನ್ನು ಬೇರೊಂದು ಗಿಡದ ಬುಡಕ್ಕೆ ಕೂಡಿಸಿ ಬೆಳೆಸಿದ ಕಸಿ ಸಸಿಯನ್ನು ನರ್ಸರಿಯಿಂದ ತಂದು ನೆಡುವುದು ಮೊದಲನೆಯದು. ತಿಂದ ಹಣ್ಣಿನ ಬೀಜವನ್ನೇ ಮಣ್ಣಿಗೆ ಹಾಕಿ, ಅದು ಮೊಳೆತು, ಬೆಳೆದು, ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯುವುದು ಎರಡನೆಯದು. ಬೇಗ ಹಣ್ಣು ಬೇಕೆನ್ನುವವರಿಗೆ ಮೊದಲ ದಾರಿಯೇ ಸರಿ. ಆದರೆ ಬೀಜದಿಂದೆದ್ದ ಗಿಡ ಹಿಂದೆಂದೂ ಇಲ್ಲದಿದ್ದ ಹೊಸ ಜೀವವಾಗಿರಬಹುದು ಎಂಬ ಅರಿವು ಒಮ್ಮೆ ಮನಸ್ಸಿಗೆ ತಾಗಿದವರಿಗೆ ಎರಡನೆಯ ದಾರಿಯನ್ನು ಬಿಡುವುದು ಕಷ್ಟ, ಮತ್ತು ಹೈದರಾಬಾದಿನ ಕೋಠಿಯಂಥ ಕಿಕ್ಕಿರಿದ ಪೇಟೆಯಲ್ಲಿ, ಅಂಗಳವೆಂಬುದೇ ಇಲ್ಲದ ಮನೆಗಳ ತಾರಸಿಯ ಮೇಲೆ, ಆ ಹವ್ಯಾಸಕ್ಕೆ ಇನ್ನಷ್ಟು ಬೆಲೆಯಿದೆ.

ಕೋಠಿ ಇಂದು ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳ, ಹಳೆಯ ಪುಸ್ತಕಗಳ ಸಾಲುಗಳ, ಎಡೆಬಿಡದೆ ಬಂದುಹೋಗುವ ಬಸ್ಸುಗಳ ಜಾಗ. 1798ರಿಂದ 1805ರವರೆಗೆ ಇಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಮೂಸಿ ನದಿಯ ಬಡಗಣ ದಂಡೆಯಲ್ಲಿ ಕಟ್ಟಿಸಿದ ಭವನ ಮುಂದೆ ಮಹಿಳಾ ಕಾಲೇಜಾಯಿತು, ಈಗ ವಿಶ್ವವಿದ್ಯಾಲಯವಾಗಿದೆ. ಅದರ ಆವರಣದ ಮರಗಳನ್ನು ಬಿಟ್ಟರೆ ಸುತ್ತಲಿನ ಬೀದಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದ್ದು, ಮಣ್ಣೆಂದರೆ ಕುಂಡದ ಮಣ್ಣು, ಹಳೆಯ ಡ್ರಮ್ಮಿನ ಮಣ್ಣು. ಬೀಜಕ್ಕೆ ಮಾತ್ರ ಇಲ್ಲಿ ಬರವಿಲ್ಲ. 1935ರಲ್ಲಿ ಗ್ರಾನೈಟ್ ಕಲ್ಲಿನಲ್ಲಿ ಕಟ್ಟಿದ, ಹಣ್ಣಿನ ವ್ಯಾಪಾರಕ್ಕೆ ಬಹುಕಾಲ ಹೆಸರಾಗಿದ್ದ ಮೊಅಜ್ಜಂ ಜಾಹಿ ಮಾರ್ಕೆಟ್ ಕೂಗಳತೆಯಲ್ಲಿದೆ. ಬೇಸಿಗೆಯಲ್ಲಿ ಬಂಗನಪಲ್ಲಿ ಮತ್ತು ಹಿಮಾಯತ್ ಮಾವು, ಮಳೆಗಾಲದಲ್ಲಿ ಕೇರಳದಿಂದ ಬರುವ ರಂಬುಟಾನ್ ಮತ್ತು ಮ್ಯಾಂಗೊಸ್ಟೀನ್, ದಸರೆಯ ಆಸುಪಾಸಿನಲ್ಲಿ ಸೀತಾಫಲ ಇಲ್ಲಿಯ ತಳ್ಳುಗಾಡಿಗಳನ್ನು ಸರದಿಯಂತೆ ತುಂಬುತ್ತವೆ. ಪಕ್ಕದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವುದು ಈ ಭಾಗದಲ್ಲಿ ಕನ್ನಡದ ಮನೆಗಳು ಹಿಂದಿನಿಂದಲೂ ಇವೆಯೆಂಬುದಕ್ಕೆ ಸಾಕ್ಷಿ. ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಊರಿಗೂ ನಗರಕ್ಕೂ ನಡುವಿನ ಚೀಲದ ಓಡಾಟ ನಿಂತಿಲ್ಲ, ಮತ್ತು ಆ ಚೀಲದಲ್ಲಿ ಹಣ್ಣಿದ್ದರೆ ಬೀಜವೂ ಬಂದೇ ಬರುತ್ತದೆ.

ಬೀಜವನ್ನು ಕೈಯಲ್ಲಿ ಹಿಡಿದಾಗ ಮೊದಲು ತಿಳಿಯಬೇಕಾದುದು ಅದು ಕಾಯಬಲ್ಲದೋ ಇಲ್ಲವೋ ಎಂಬುದು. ಇ. ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ 1973ರಲ್ಲಿ ಬೀಜಗಳನ್ನು ಈ ಗುಣದ ಮೇಲೆಯೇ ಎರಡು ಗುಂಪು ಮಾಡಿದ: ಒಣಗಿಸಿ ತಂಪಿನಲ್ಲಿಟ್ಟರೆ ವರ್ಷಗಳ ಕಾಲ ಜೀವ ಹಿಡಿದಿರುವ ಸಂಯಮದ ಬೀಜಗಳು ಒಂದು, ಒಣಗಿದರೆ ಸಾಯುವ ಹಟದ ಬೀಜಗಳು ಇನ್ನೊಂದು. ಹುಣಸೆ, ಸೀಬೆ, ಸೀತಾಫಲ ಮೊದಲ ಗುಂಪಿಗೆ ಸೇರಿದರೆ, ಮಾವು, ಹಲಸು, ಬೆಣ್ಣೆಹಣ್ಣು, ರಂಬುಟಾನ್, ಮ್ಯಾಂಗೊಸ್ಟೀನ್ ಎರಡನೆಯದಕ್ಕೆ ಸೇರುತ್ತವೆ. ಎರಡನೆಯ ಗುಂಪಿನ ಬಹುಪಾಲು ಮರಗಳು ನೆಲ ಸದಾ ತೇವವಾಗಿರುವ ಬಿಸಿಕಾಡುಗಳಲ್ಲಿ ಹುಟ್ಟಿದವು. ಅಲ್ಲಿ ಬಿದ್ದ ಬೀಜ ಒಳ್ಳೆಯ ಕಾಲಕ್ಕಾಗಿ ಕಾಯಬೇಕಾದ ಪ್ರಸಂಗವೇ ಇಲ್ಲದ್ದರಿಂದ ನಿದ್ರಿಸುವ ಶಕ್ತಿಯನ್ನು ಅವು ಪಡೆಯಲಿಲ್ಲ. ಹೀಗಾಗಿ ಕೋಠಿಯ ಒಣಹವೆಯಲ್ಲಿ ರಂಬುಟಾನ್ ಬೀಜವನ್ನು ಕಿಟಕಿಯ ಮೇಲೆ ನಾಲ್ಕು ದಿನ ಮರೆತರೆ ಕಥೆ ಮುಗಿಯಿತು. ತಿಂದ ದಿನವೇ ತೊಳೆದು, ಅಂಟಿದ ತಿರುಳನ್ನು ಪೂರ್ತಿ ಉಜ್ಜಿ ತೆಗೆದು, ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ ಡಬ್ಬಿಯಲ್ಲಿಡಬೇಕು. ತಿರುಳಿನ ಸಿಹಿ ಉಳಿದರೆ ಬೂಷ್ಟು ಹಿಡಿಯುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ.

ಸೀತಾಫಲದ ಬೀಜ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು. ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದ ಈ ಗಿಡ ಬೀದರ, ಗೋಲ್ಕೊಂಡಗಳಂಥ ಕೋಟೆಗಳ ಪಾಳುಗೋಡೆಗಳ ನಡುವೆಯೂ ತಾನಾಗಿ ಬೆಳೆಯುವಷ್ಟು ದಖ್ಖನಿನದೇ ಆಗಿಹೋಗಿದೆ. ನುಣುಪಾದ, ಕರಿ ಮೈಯ ಬೀಜದ ಸಿಪ್ಪೆ ಬಲು ಗಡುಸು. ಒಳಗಿನ ಬಿಳಿ ತಿರುಳು ಸುಕ್ಕುಸುಕ್ಕಾಗಿದ್ದು ಅದರ ತುದಿಯಲ್ಲಿ ಭ್ರೂಣ, ಅಂದರೆ ಮುಂದೆ ಗಿಡವಾಗುವ ಭಾಗ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದಾಗಿರುತ್ತದೆ. ಬೀಜದೊಳಗಿನ ಈ ತಿರುಳು ವಿಷವೆಂಬುದನ್ನು ಇಲ್ಲಿ ಹೇಳಲೇಬೇಕು: ಹೇನು ಕೊಲ್ಲಲು ಇದರ ಪುಡಿಯನ್ನು ತಲೆಗೆ ಹಚ್ಚುವ ರೂಢಿಯಿದೆ, ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕಾರ್ನಿಯಾಕ್ಕೇ ಗಾಯವಾಗುತ್ತದೆ, ಆದ್ದರಿಂದ ಸಿಪ್ಪೆಯನ್ನು ಮರಳು ಕಾಗದದಿಂದ ತುಸು ತಿಕ್ಕುವವರು ತಿರುಳಿನವರೆಗೆ ಹೋಗಬಾರದು, ಮುಗಿದ ಮೇಲೆ ಕೈ ತೊಳೆಯದಿರಬಾರದು. ಒಂದು ದಿನ ನೆನೆಹಾಕಿ ಬಿತ್ತಿದ ಬೀಜ ತಿಂಗಳಾದರೂ ಸುಮ್ಮನಿರುವುದು ಸಾಮಾನ್ಯ. ಬಿತ್ತಿದ್ದನ್ನೇ ಮರೆಯುವ ಹೊತ್ತಿಗೆ ಮಣ್ಣಿನ ಹೆಪ್ಪನ್ನು ಎತ್ತಿ, ಬಾಗಿದ ಕತ್ತಿನ ಒಂದು ತೆಳುಹಸಿರು ಕಾಂಡ ಹೊರಬರುತ್ತದೆ. ಅದು ನೆಟ್ಟಗಾದಾಗ ಕರಿಯ ಬೀಜವನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತಿರುತ್ತದೆ. ಎರಡು ಬೀಜದಳಗಳು ಆ ಟೋಪಿಯೊಳಗೆ ಸಿಕ್ಕಿಕೊಂಡು ಬಿಡಿಸಿಕೊಳ್ಳಲು ದಿನಗಟ್ಟಲೆ ಒದ್ದಾಡುವುದನ್ನು ನೋಡಿ ಯಾರಿಗಾದರೂ ಎಳೆದು ತೆಗೆಯೋಣವೆನ್ನಿಸುತ್ತದೆ, ಆದರೆ ಎಳೆದರೆ ಕುಡಿಯೇ ಕಿತ್ತುಬರಬಹುದು. ಬೆಳಿಗ್ಗೆ ಸಂಜೆ ಸಿಪ್ಪೆಯ ಮೇಲೆ ಎರಡು ಹನಿ ನೀರು ಬಿಟ್ಟು ಮೆತ್ತಗಾಗಲು ಬಿಡುವುದೇ ಸರಿಯಾದ ನೆರವು. ಬಹಳ ಸಲ ಬೆಳಿಗ್ಗೆ ಬಂದು ನೋಡಿದಾಗ ಸಿಪ್ಪೆ ಪಕ್ಕದಲ್ಲಿ ಬಿದ್ದಿರುತ್ತದೆ, ಎಲೆಗಳು ಅರಳಿರುತ್ತವೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸಂತೋಷಗಳು ಹೆಚ್ಚಿಲ್ಲ.

ಮಾವಿನ ಗೊರಟೆಯಲ್ಲಿ ಸಿಗುವುದು ಇನ್ನೂ ಆಳವಾದ ವಿಸ್ಮಯ. ತೊಳೆದು ಒಂದು ದಿನ ನೆರಳಲ್ಲಿ ಆರಿಸಿದ ಗೊರಟೆಯ ಅಂಚನ್ನು ಕತ್ತರಿಯಿಂದ ತುಸು ಕತ್ತರಿಸಿ, ಸಂದಿಗೆ ಚಾಕುವಿನ ತುದಿ ಇಟ್ಟು ತಿರುವಿದರೆ ನಾರಿನ ಚಿಪ್ಪು ಎರಡು ಹೋಳಾಗಿ, ಒಳಗೆ ಮೂತ್ರಪಿಂಡದ ಆಕಾರದ ಬೀಜ ಕಾಣುತ್ತದೆ. ಬಂಗನಪಲ್ಲಿ, ಹಿಮಾಯತ್, ಆಪೂಸುಗಳಲ್ಲಿ ಅದು ಒಂದೇ ಗಡ್ಡೆಯಾಗಿದ್ದು ಅದರಿಂದ ಒಂದೇ ಮೊಳಕೆ ಹೊರಡುತ್ತದೆ; ಪಶ್ಚಿಮ ಕರಾವಳಿಯ ಓಲೂರ್, ಕುರುಕ್ಕನ್, ಚಂದ್ರಕಾರನ್‌ಗಳಂಥ ತಳಿಗಳಲ್ಲಿ ಬೀಜ ಹಲವು ತುಂಡುಗಳಾಗಿ ಒಂದಕ್ಕೊಂದು ಒತ್ತಿಕೊಂಡಿದ್ದು, ಒಂದೇ ಗೊರಟೆಯಿಂದ ಮೂರು ನಾಲ್ಕು ಸಸಿಗಳು ಏಳುತ್ತವೆ. ಇದನ್ನು ಬಹುಭ್ರೂಣತೆ ಎನ್ನುತ್ತಾರೆ. ಈ ಸಸಿಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದಿಂದ ಹುಟ್ಟಿದವಲ್ಲ. ಬೀಜಾಂಡದ ಒಳಗಿನ ತಾಯಿಯ ಜೀವಕೋಶಗಳೇ ಭ್ರೂಣವಾಗಿ ಬೆಳೆದದ್ದರಿಂದ ಅವು ತಾಯಿಮರದ ಪಡಿಯಚ್ಚು. ಡಚ್ ವಿಜ್ಞಾನಿ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಿತ್ತಳೆ ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳನ್ನು ಕಂಡದ್ದು 1719ರಲ್ಲಿ. ಅದನ್ನೇ ಇಂದು ಕೋಠಿಯ ತಾರಸಿಯಲ್ಲಿ ಬರಿಗಣ್ಣಿನಿಂದ ನೋಡಬಹುದು.

ಒಂಟಿ ಮೊಳಕೆಯ ಹಿಮಾಯತ್ ಸಸಿಯ ಕಥೆ ಬೇರೆ. ಅದರ ತಾಯಿ ಯಾರೆಂಬುದು ಗೊತ್ತು. ಪರಾಗವನ್ನು ಯಾವ ಮರದಿಂದ ಯಾವ ನೊಣ ತಂದಿತೆಂಬುದು ಯಾರಿಗೂ ಗೊತ್ತಿಲ್ಲ. ಹಣ್ಣು ತಾಯಿಯಷ್ಟು ಚೆನ್ನಾಗಿರುವ ಸಂಭವ ಕಡಿಮೆ ಎಂದು ತೋಟಗಾರಿಕೆಯವರು ಎಚ್ಚರಿಸುವುದು ನ್ಯಾಯವೇ, ಆದರೆ ಹೆಸರು ಪಡೆದ ಪ್ರತಿಯೊಂದು ತಳಿಯ ಹಿಂದೆಯೂ ಇಂಥದೊಂದು ಬೀಜದ ಗಿಡ ನಿಂತಿರುತ್ತದೆ ಎಂಬುದೂ ಅಷ್ಟೇ ನಿಜ. ಅಘನಾಶಿನಿ, ಶರಾವತಿಗಳ ದಂಡೆಯಲ್ಲಿ ತಾವಾಗಿ ಬೆಳೆದ ಕಾಡುಮರಗಳ ಪೈಕಿ ಕೆಲವನ್ನು ಮಲೆನಾಡಿನ ಜನ ಗುರುತಿಟ್ಟು ಅನಂತಭಟ್ಟನ ಅಪ್ಪೆ, ಮಾಳಂಜಿ ಎಂದು ಹೆಸರಿಟ್ಟು ಉಳಿಸಿಕೊಂಡಿದ್ದರಿಂದಲೇ ಅಪ್ಪೆಮಿಡಿಯ ಉಪ್ಪಿನಕಾಯಿ ಇಂದಿಗೂ ಇದೆ. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ರೈತರೊಬ್ಬರು ನೆಟ್ಟ ಒಂದೇ ಹಲಸಿನ ಮರ, ಕೆಂಪು ತೊಳೆಯ ಸೊಗಸಿನಿಂದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಗಮನ ಸೆಳೆದು, ನೆಟ್ಟವರ ಹೆಸರಿನಿಂದಲೇ ಸಿದ್ದು ಹಲಸೆಂದು ಪ್ರಸಿದ್ಧವಾಯಿತು. ಜಗತ್ತಿನ ಅಂಗಡಿಗಳನ್ನು ಆಳುತ್ತಿರುವ ಹ್ಯಾಸ್ ಬೆಣ್ಣೆಹಣ್ಣು ಕ್ಯಾಲಿಫೋರ್ನಿಯದ ರುಡಾಲ್ಫ್ ಹ್ಯಾಸ್ ಎಂಬ ಅಂಚೆಯವನ ಹಿತ್ತಲಲ್ಲಿ ಬೀಜದಿಂದ ಹುಟ್ಟಿ 1935ರಲ್ಲಿ ಪೇಟೆಂಟ್ ಪಡೆದ ಗಿಡದ ಸಂತತಿ. ಕಸಿ ಇರುವುದನ್ನು ಉಳಿಸುತ್ತದೆ, ಅದು ದೊಡ್ಡ ಕೆಲಸ; ಆದರೆ ಉಳಿಸಬೇಕಾದದ್ದು ಹುಟ್ಟುವುದು ಬೀಜದಲ್ಲಿ.

ಮ್ಯಾಂಗೊಸ್ಟೀನ್ ಈ ಮಾತಿಗೆ ಅಪವಾದ. ಪುನರ್ಪುಳಿಯ ಹತ್ತಿರದ ಬಂಧುವಾದ ಇದರ ಬೀಜ ಪರಾಗದ ಹಂಗಿಲ್ಲದೆಯೇ ತಾಯಿಯ ಅಂಗಾಂಶದಿಂದ ರೂಪುಗೊಳ್ಳುತ್ತದೆ, ಬೀಜವನ್ನು ತುಂಡು ಮಾಡಿದರೂ ತುಂಡುಗಳಿಂದ ಚಿಗುರು ಬರುವುದುಂಟು. ಅಚ್ಚರಿಯ ಹಣ್ಣಿನ ಆಸೆ ಇಲ್ಲಿಲ್ಲ, ಇರುವುದು ನಿಧಾನದ ಸೊಬಗು: ಜೋಡಿಜೋಡಿಯಾಗಿ ಬರುವ ದಪ್ಪ, ಹೊಳಪಿನ ಎಲೆ, ಹೊಸದರಲ್ಲಿ ತೆಳುಗೆಂಪು, ಬಲಿತಾಗ ಕಡುಹಸಿರು. ಬೇರಿಗೆ ನೀರು ಹೀರುವ ರೋಮಗಳಿಲ್ಲದ್ದರಿಂದ ಒಣಗಾಳಿಗೆ ಬಹುಬೇಗ ಸೋಲುತ್ತದೆ. ನೀಲಗಿರಿಯ ಇಳಿಜಾರಿನ ಕಲ್ಲಾರ್, ಬರ್ಲಿಯಾರ್ ತೋಟಗಳ ತೇವದಲ್ಲಿ ಹಣ್ಣು ಬಿಡುವ ಈ ಮರ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹೈದರಾಬಾದಿನ ತಾರಸಿಯಲ್ಲಿ ಹಣ್ಣು ಕೊಟ್ಟೀತೆಂದು ನಂಬುವುದು ಸರಿಯಲ್ಲ. ಆದರೂ ನೆರಳುಪರದೆಯಡಿ, ಸುತ್ತ ಒದ್ದೆ ಗೋಣಿತಟ್ಟು ಇಟ್ಟು, ಅದರ ಮುಂದಿನ ಎಲೆಜೋಡಿಗಾಗಿ ಕಾಯುವುದರಲ್ಲಿ ವ್ಯರ್ಥವೆನ್ನುವಂಥದು ಏನೂ ಇಲ್ಲ.

ನೀರಿನ ಪಾಠವನ್ನು ಚೆನ್ನಾಗಿ ಕಲಿಸುವುದು ಪಶ್ಚಿಮ ಆಫ್ರಿಕದ ಪವಾಡದ ಹಣ್ಣು. ಈ ಕೆಂಪು ಹಣ್ಣಿನಲ್ಲಿರುವ ಮಿರಾಕ್ಯುಲಿನ್ ಎಂಬ ಪ್ರೋಟೀನು ನಾಲಗೆಗೆ ಹತ್ತಿಕೊಂಡರೆ ಆಮೇಲೆ ಸುಮಾರು ಅರ್ಧ ಗಂಟೆಯಾದರೂ ನಿಂಬೆಹುಳಿಯೂ ಸಿಹಿಯೆನಿಸುತ್ತದೆ. ಕುಂಡಕ್ಕೆ ಹೇಳಿ ಮಾಡಿಸಿದಂಥ ಗಾತ್ರದ ಈ ಪೊದೆಗೆ ಬೇಕಾದುದು ಹುಳಿ ಮಣ್ಣು. ಕೋಠಿಯ ಕೊಳವೆಬಾವಿಯ ನೀರಾದರೋ ಗಡಸು, ಕ್ಷಾರದ ಕಡೆಗೆ ವಾಲಿದ್ದು. ಕ್ಷಾರ ಹೆಚ್ಚಿದಂತೆ ಮಣ್ಣಿನಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗದೆ ಬೇರಿಗೆ ಸಿಗದಂತಾಗಿ, ಹೊಸ ಎಲೆಗಳ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಗೊಬ್ಬರ ಸುರಿಯುವುದರಿಂದ ಇದು ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಾರಸಿಯ ಮಳೆನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು, ಇಂಥ ಗಿಡಗಳಿಗೆ ಮಾತ್ರ ಲೋಟದ ಲೆಕ್ಕದಲ್ಲಿ ಕೊಡುವವರ ಗಿಡ ಹಸಿರಾಗಿರುತ್ತದೆ.

ಹಲಸು, ಬೆಣ್ಣೆಹಣ್ಣುಗಳ ವಿಷಯದಲ್ಲಿ ಹೇಳಬೇಕಾದುದು ಬೇರಿನ ಬಗ್ಗೆ. ಚಿಗುರು ಕಾಣುವ ಮೊದಲೇ ತಾಯಿಬೇರು ಗೇಣುದ್ದ ಇಳಿದಿರುತ್ತದೆ. ಅಗಲ ಕುಂಡಕ್ಕಿಂತ ಆಳದ ಚೀಲ ಮೇಲು, ಬೇರು ತಳದಲ್ಲಿ ಸುತ್ತಿಕೊಳ್ಳುವ ಮೊದಲೇ ಜಾಗ ಬದಲಿಸುವುದು ಅಗತ್ಯ. ಪುನರ್ಪುಳಿ, ರಂಬುಟಾನ್ ಬೀಜ ಹಾಕುವವರು ಇನ್ನೊಂದನ್ನು ನೆನಪಿಡಬೇಕು: ಅವುಗಳ ಬೀಜಸಸಿಗಳಲ್ಲಿ ಅನೇಕವು ಗಂಡು ಗಿಡಗಳಾಗುತ್ತವೆ, ಹೂ ಬಿಡುವವರೆಗೆ ಅದು ತಿಳಿಯುವುದಿಲ್ಲ.

ದೂರದ ಬೀಜವನ್ನು ತಂದು ಬಿತ್ತುವ ಈ ಚಟ ಹೈದರಾಬಾದಿಗೆ ಹೊಸದಲ್ಲ. ಗೋಲ್ಕೊಂಡದ ನಯಾ ಕಿಲಾದಲ್ಲಿ ನಿಂತಿರುವ, ಸುತ್ತಳತೆ 25 ಮೀಟರಿಗೂ ಮೀರಿದ ಬಾವೋಬಾಬ್ ಮರ ಆಫ್ರಿಕದ್ದು. ಕರ್ನಾಟಕದಲ್ಲಿ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿಯೂ ವಿಜಯಪುರದಲ್ಲಿಯೂ ಇದರ ಸೋದರ ಮರಗಳಿವೆ, ಹಣ್ಣಿನ ಹುಳಿಪುಡಿಯಿಂದಾಗಿಯೇ ದೊಡ್ಡ ಹುಣಸೆ ಎಂಬ ಹೆಸರು ಅದಕ್ಕೆ ಬಂದಿದೆ. ಅದರ ಬೀಜದ ಸಿಪ್ಪೆ ಕಲ್ಲಿನಂತಿದ್ದು, ಬಿಸಿನೀರಲ್ಲಿ ಒಂದು ದಿನ ನೆನೆಸಿದರೆ ಕುಂಡದಲ್ಲಿ ಸಲೀಸಾಗಿ ಹುಟ್ಟುತ್ತದೆ. ಹುಣಸೆಯೂ ಮೂಲತಃ ಆಫ್ರಿಕದ ಮರವೇ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರವನ್ನು ನುಂಗಿದಾಗ, ಕೋಠಿಯಿಂದ ಸ್ವಲ್ಪ ದೂರದ ಅಫ್ಜಲ್‌ಗಂಜಿನಲ್ಲಿ ಹುಣಸೆ ಮರವೊಂದನ್ನು ಏರಿ ಸುಮಾರು 150 ಜನ ಬದುಕಿಕೊಂಡರು; ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

ತಾರಸಿಯಲ್ಲಿ ನಿಜವಾಗಿ ಹಣ್ಣು ಕೊಡುವ ಬೀಜದ ಗಿಡಗಳಲ್ಲಿ ಮೊದಲ ಸ್ಥಾನ ಸೀತಾಫಲಕ್ಕೇ ಸಲ್ಲಬೇಕು. ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ, ದೊಡ್ಡ ಡ್ರಮ್ಮಿನಲ್ಲಿ ಬೇಸಿಗೆಯನ್ನು ಎಲೆ ಉದುರಿಸಿ ಸಹಿಸುತ್ತದೆ. ಹೂವಿನಲ್ಲಿ ಹೆಣ್ಣು ಭಾಗ ಮೊದಲು ಪಕ್ವವಾಗಿ, ಗಂಡು ಭಾಗ ಆಮೇಲೆ ಪರಾಗ ಬಿಡುವುದರಿಂದ ಒಂದೇ ಹೂವು ತನ್ನಷ್ಟಕ್ಕೆ ಕಾಯಿ ಕಟ್ಟುವುದು ಅಪರೂಪ. ಕಾಡಿನಲ್ಲಿ ಆ ಕೆಲಸ ಮಾಡುವ ಪುಟ್ಟ ಜೀರುಂಡೆಗಳು ಸುಲ್ತಾನ್ ಬಜಾರಿನ ಮೇಲುಮಾಳಿಗೆಗೆ ಹತ್ತಿ ಬರುವುದು ಕಡಿಮೆ. ಎಸಳುಗಳು ಪೂರ್ತಿ ತೆರೆದುಕೊಂಡ ಹೂವಿನಿಂದ ಬೆಳಿಗ್ಗೆ ಬೇಗ ಪರಾಗವನ್ನು ಸಣ್ಣ ಬಟ್ಟಲಿಗೆ ಉದುರಿಸಿಕೊಂಡು, ಆಗತಾನೆ ತುಸು ಬಾಯಿ ಬಿಟ್ಟಿರುವ ಇನ್ನೊಂದು ಹೂವಿನ ಎಸಳನ್ನು ಬೆರಳಿನಿಂದ ಸರಿಸಿ, ನಡುವಿನ ಅಂಟಾದ ಗುಬುಟಿಗೆ ಚಿತ್ರ ಬರೆಯುವ ಕುಂಚದಿಂದ ಸುತ್ತಲೂ ಸವರಬೇಕು. ಒಂದೇ ಕಡೆ ಸವರಿದರೆ ಕಾಯಿ ಒಂದೇ ಮಗ್ಗುಲಿಗೆ ಉಬ್ಬಿ ಸೊಟ್ಟಗಾಗುತ್ತದೆ, ಏಕೆಂದರೆ ಸೀತಾಫಲದ ಪ್ರತಿಯೊಂದು ಕಣ್ಣೂ ಬೇರೆಬೇರೆಯಾಗಿ ಪರಾಗ ಪಡೆದ ಒಂದೊಂದು ಪುಟ್ಟ ಕಾಯಿ.

ಮಾವು, ಹಲಸುಗಳು ಹಾಗಲ್ಲ. ಡ್ರಮ್ಮಿನ ಅಳತೆಯನ್ನು ಮೀರಿದ ಮೇಲೆ ಅವನ್ನು ನೆಲಕ್ಕೆ ಕಳಿಸಲೇಬೇಕು, ಕನ್ನಡದ ಮನೆಗಳಿಂದ ಅವು ಬಹುಮಟ್ಟಿಗೆ ಊರಿನ ಹೊಲದ ಬದುವಿಗೆ, ಮುಂಗಾರಿನ ಮೊದಲ ಹದಮಳೆಯ ನಂತರ ಹೋಗುತ್ತವೆ. ಹಣ್ಣಿನ ಗುಣವನ್ನು ಮೊದಲ ಫಸಲಿನಿಂದ ಅಳೆಯಬಾರದೆಂದು ಬಲ್ಲವರು ಹೇಳುತ್ತಾರೆ. ಎಳೆಯ ಮರದ ಕಾಯಿ ಸಪ್ಪೆಯಾಗಿ, ನಾರಾಗಿ ಇರುವುದುಂಟು, ಎರಡು ಮೂರು ಬೇಸಿಗೆ ರುಚಿ ನೋಡಿಯೇ ತೀರ್ಮಾನಿಸಬೇಕು. ರುಚಿ ಹಿಡಿಸದಿದ್ದರೆ ಅದೇ ಬುಡಕ್ಕೆ ಹಿಮಾಯತ್ ಕುಡಿಯನ್ನು ಕಸಿ ಕಟ್ಟಬಹುದು. ಹಿಡಿಸಿದರೆ ಅದರ ಕುಡಿಯನ್ನು ಬೇರೆ ಬುಡಕ್ಕೆ ಕಟ್ಟಿ, ಆ ಮರಕ್ಕೊಂದು ಹೆಸರಿಡುವ ಕೆಲಸ ಬಾಕಿಯಿರುತ್ತದೆ.