ಮುಖಕ್ಕೆ ಟವೆಲ್ಲು

ಟೀವಿಯವರು ನಮ್ಮ ಕೇರಿಗೆ ಬಂದಾಗ ಮಧ್ಯಾಹ್ನ. ಕಾರು ಅರಳಿಕಟ್ಟೆಯ ಹತ್ತಿರವೇ ನಿಂತಿತು. ಅಲ್ಲಿಂದಾಚೆಗೆ ರಸ್ತೆ ಇಲ್ಲ. ರಸ್ತೆ ಇಲ್ಲದ್ದನ್ನು ಅವರಲ್ಲಿ ಯಾರೂ ಚಿತ್ರ ತೆಗೆಯಲಿಲ್ಲ, ಅದು ಬೇರೆ ಮಾತು. ಅವರಿಗೆ ಬೇಕಾಗಿದ್ದವರು ನಾವು. ತಾಲ್ಲೂಕು ಕಚೇರಿ ಮುಂದೆ ಗೋಮಾಳದ ಜಮೀನಿಗಾಗಿ ನಡೆದ ಧರಣಿಯಲ್ಲಿ ನಮ್ಮ ತಂಡ ಒಂದು ಹಾಡು ಹೇಳಿತ್ತು. ಗೋಮಾಳ ನುಂಗಿದವರು ಯಾರು, ಎಷ್ಟು ಎಕರೆ, ಯಾವ ಬೇಲಿಯಿಂದ ಯಾವ ಬೇಲಿಯವರೆಗೆ ಅಂತ ಲೆಕ್ಕ ಒಪ್ಪಿಸುವ ಹಾಡು. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟಿದ್ದರು. ಹಾಡಿದವರ ಮುಖ ಅದರಲ್ಲಿ ಕಾಣುತ್ತಿರಲಿಲ್ಲ. ಟವೆಲ್ಲು ಸುತ್ತಿಕೊಂಡಿದ್ದೆವು. ಬಿಸಿಲಿಗೂ ಸುತ್ತಿಕೊಂಡಿದ್ದೆವು, ಬೇರೆ ಕಾರಣಕ್ಕೂ ಸುತ್ತಿಕೊಂಡಿದ್ದೆವು.

'ಯಾರಿವರು?' ಅಂತ ಟೀವಿಯವರಿಗೆ ಕುತೂಹಲ ಹುಟ್ಟಿಬಿಟ್ಟಿತ್ತು. ನಮ್ಮ ಅಪ್ಪ ಅಜ್ಜಂದಿರು ಊರ ಹೆಣಕ್ಕೂ ಹಬ್ಬಕ್ಕೂ ತಮಟೆ ಬಡಿದು ಬಡಿದು ಸತ್ತರು. ಆಗ ಯಾರಿಗೂ ಹುಟ್ಟದ ಕುತೂಹಲ!

'ಟವೆಲ್ಲು ತೆಗೀರಿ, ಫೇಸ್ ಇಲ್ದೆ ಸ್ಟೋರಿ ನಿಲ್ಲಲ್ಲ' ಅಂದ ಮೈಕು ಹಿಡಿದ ಹುಡುಗ. ಒಳ್ಳೆಯ ಹುಡುಗನೇ. ನಮ್ಮ ಮನೆಯಲ್ಲಿ ನೀರು ಕೇಳಿ ಕುಡಿದ. ಆದರೆ ಅವನು ಕೇಳಿದ್ದನ್ನು ಕೊಡುವುದಕ್ಕೆ ನಮಗೆ ಆಗುವಂತಿರಲಿಲ್ಲ.

ಯಾಕೆ ಆಗುವಂತಿರಲಿಲ್ಲ ಅಂತ ಈ ಪತ್ರಿಕೆ ಓದುವ ಮೇಷ್ಟರುಗಳಿಗೆ, ಹಳ್ಳಿಯಿಂದ ಬಂದ ವಿದ್ಯಾರ್ಥಿ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಂಡದಲ್ಲಿ ಏಳು ಜನ. ದನಿ ಎತ್ತಿ ಹಾಡುವವನು ಅತಿಥಿ ಶಿಕ್ಷಕ. ವರ್ಷ ವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಬದುಕು. ಯಾರಾದರೂ ಹೋಗಿ ಒಂದು ಮಾತು ಊದಿದರೆ ಮುಗಿಯಿತು. ಇಬ್ಬರು ಕೂಲಿಗೆ ಹೋಗುವುದು ಹಾಡಿನಲ್ಲಿ ಬರುವ ಅದೇ ಜಮೀನಿಗೆ. ಒಬ್ಬಳು ಹುಡುಗಿ, ಮದುವೆಯ ಮಾತು ನಡೆಯುತ್ತಿದೆ. ಹಿಂದೊಮ್ಮೆ ಒಂದು ಪೇಪರಿನಲ್ಲಿ ನಮ್ಮ ಫೋಟೋ ಹೆಸರು ಸಮೇತ ಬಂದಿತ್ತು. ನಾವೂ ಖುಷಿಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದೆವು. ಅದಾದ ವಾರಕ್ಕೆ ಎರಡು ಮನೆಯವರಿಗೆ ಕಳೆ ಕೀಳುವ ಕೆಲಸಕ್ಕೆ 'ಬರಬೇಡಿ' ಅಂತ ಹೇಳಿಕಳಿಸಿದರು. ಹಿಟ್ಟಿನ ಗಿರಣಿಯಲ್ಲಿ ನಮ್ಮ ರಾಗಿ ಚೀಲ ಸಾಯಂಕಾಲದವರೆಗೂ ಕೆಳಗೇ ಕೂತಿರುತ್ತಿತ್ತು. ಹೊಡೆತವಿಲ್ಲ, ಬೈಗುಳವಿಲ್ಲ. ಯಾವ ಸ್ಟೇಷನ್ನಿಗೆ ಹೋಗಿ ದೂರು ಕೊಡೋಣ? ಆವತ್ತಿನಿಂದ ಟವೆಲ್ಲು ಬಂತು.

ಟೀವಿಯವರನ್ನು 'ನಾಳೆ ಬನ್ನಿ' ಅಂತ ಕಳಿಸಿ ರಾತ್ರಿ ಕೂತೆವು. ಬೆಂಗಳೂರಿನಲ್ಲಿ ರಾತ್ರಿಪಾಳಿ ದುಡಿಯುವ ನಮ್ಮ ಹುಡುಗನೊಬ್ಬ ಹಬ್ಬಕ್ಕೆ ಬಂದಿದ್ದ. ಅವನ ಮೊಬೈಲಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಕರಿಯರ ಸಂಗೀತವಿದೆ. ಮಾತಿಲ್ಲ, ಬರೀ ಬಡಿತ. 'ಇವ್ರೂ ಮುಖಕ್ಕೆ ಬಟ್ಟೆ ಕಟ್ಕೊಂಡೇ ಬಾರ್ಸೋದು' ಅಂತ ಒಂದು ಚಿತ್ರ ತೋರಿಸಿದ. ನಿಜವೇ. ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ತಂಡದ ಹೆಸರು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್, ಅಂದರೆ ನೆಲದಡಿಯ ಪ್ರತಿರೋಧ. ಆ ರಾತ್ರಿ ಅವನು ಹೇಳಿದ್ದನ್ನು, ಆಮೇಲೆ ನಾವೇ ಹುಡುಕಿ ಓದಿದ್ದನ್ನು ಸೇರಿಸಿ ಬರೆಯುತ್ತೇವೆ.

ಡೆಟ್ರಾಯಿಟ್ ಕಾರು ಕಾರ್ಖಾನೆಗಳ ಊರು. ದಕ್ಷಿಣದ ಹತ್ತಿ ಹೊಲಗಳಿಂದ ಕರಿಯರು ಅಲ್ಲಿಗೆ ದುಡಿಯಲು ಬಂದರು. 1950ರಲ್ಲಿ ಊರಿನ ಜನಸಂಖ್ಯೆ ಸುಮಾರು 18 ಲಕ್ಷ. 1967ರಲ್ಲಿ ಪೊಲೀಸರ ದಬ್ಬಾಳಿಕೆಯ ವಿರುದ್ಧ ಜನ ದಂಗೆ ಎದ್ದಾಗ 43 ಜನ ಸತ್ತರು. ಬಿಳಿಯರು ಗಂಟುಮೂಟೆ ಕಟ್ಟಿ ಹೊರವಲಯಕ್ಕೆ ಹೋದರು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಊರಿಗೆ ಹೆಸರು ತಂದ ಕರಿಯರ ಸಂಗೀತ ಕಂಪನಿ ಮೋಟೌನ್ ಕೂಡ 1972ರಲ್ಲಿ ಲಾಸ್ ಏಂಜಲೀಸಿಗೆ ಎದ್ದುಹೋಯಿತು. 2010ರ ಹೊತ್ತಿಗೆ ಉಳಿದವರು ಸುಮಾರು 7 ಲಕ್ಷ.

ಆ ಪಾಳು ಊರಿನಲ್ಲಿ ಹುಟ್ಟಿದ್ದು ಟೆಕ್ನೋ. ಜಪಾನಿನ ರೋಲ್ಯಾಂಡ್ ಕಂಪನಿಯ 909 ಎಂಬ ತಾಳಯಂತ್ರ ವ್ಯಾಪಾರವಾಗದೆ ಕೆಲವೇ ವರ್ಷಕ್ಕೆ ನಿಂತುಹೋಗಿತ್ತು. ಅಂಥವು ಹಳೆಯ ಸಾಮಾನಿನ ಅಂಗಡಿಗೆ ಬಂದವು, ಬಡ ಹುಡುಗರು ಅವುಗಳಿಂದ ಹೊಸ ಬಡಿತ ತೆಗೆದರು. ಸತ್ತ ದನದ ಚರ್ಮದಿಂದ ತಮಟೆ ತೆಗೆದವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಆದರೆ ಆ ಸಂಗೀತ ಯೂರೋಪಿಗೆ ಹೋಗಿ, ಅಲ್ಲಿ ಬಿಳಿಯರ ಕುಣಿತದ ಮನೆಗಳಲ್ಲಿ ದುಡ್ಡಾಗಿ, ಕೊನೆಗೆ ಇದು ಕರಿಯರದ್ದು ಅನ್ನುವುದೇ ಎಷ್ಟೋ ಜನಕ್ಕೆ ಮರೆತುಹೋಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್ ಸೇರಿ ಕಟ್ಟಿದ ತಂಡ ಇದು. ದೊಡ್ಡ ಕಂಪನಿಗಳ ಹಂಗು ಬೇಡ ಅಂದರು. ತಟ್ಟೆಗಳನ್ನು ತಾವೇ ಹೊರತಂದು, ಮಾರುವುದಕ್ಕೆ ಸಬ್‌ಮರ್ಜ್ ಎಂಬ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡರು. ಹಾಡು ಮುಗಿದ ಮೇಲೆ ತಟ್ಟೆಯ ನಡುವೆ ಉಳಿಯುವ ಖಾಲಿ ಜಾಗದಲ್ಲಿ ಕೇಳುಗರಿಗೆ ಸಂದೇಶ ಕೊರೆದರು. ಬ್ಯಾಂಕ್ಸ್ ತನ್ನ ಮುಖದ ಚಿತ್ರ ತೆಗೆಯಲು ಬಿಡುತ್ತಿರಲಿಲ್ಲ. ಮುಖ ನೋಡಬೇಡಿ, ಸದ್ದು ಕೇಳಿ ಎಂಬ ಹಟ.

1999ರಲ್ಲಿ ಅವರ ತಂಡದ ರೊಲಾಂಡೊ, 'ಅಜ್ಟೆಕ್ ಮಿಸ್ಟಿಕ್' ಎಂಬ ಹೆಸರಿನಲ್ಲಿ, 'ಜಾಗ್ವಾರ್' ಎಂದು ಹೆಸರಾದ ಒಂದು ತಟ್ಟೆ ಮಾಡಿದ. ಅದು ಜಗತ್ತೆಲ್ಲಾ ಹಬ್ಬಿತು. ಸೋನಿ ಕಂಪನಿಯ ಜರ್ಮನಿ ಶಾಖೆ ಆ ಹಾಡು ಬೇಕು ಅಂತ ಬಂತು. ಇವರು ಕೊಡಲಿಲ್ಲ. ಸರಿ, ನೀವು ಕೊಡದಿದ್ದರೇನು ಅಂತ ಕಂಪನಿಯವರು ಸ್ವರಕ್ಕೆ ಸ್ವರ ಅದನ್ನೇ ನಕಲು ಮಾಡಿ ಬೇರೆ ತಟ್ಟೆ ತಂದರು. ಕೇಳುಗರು ಊರೂರಿಂದ ಇಮೇಲು, ಫ್ಯಾಕ್ಸು ಬರೆದು ಛೀಮಾರಿ ಹಾಕಿದರು. ಸೋನಿ ಹಿಂದೆ ಸರಿಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಆ ನಕಲನ್ನು ಬಿಎಂಜಿ ಎಂಬ ಇನ್ನೊಂದು ದೊಡ್ಡ ಕಂಪನಿ ಎತ್ತಿಕೊಂಡಿತು. ಇವರು ಅದೇ ಹಾಡನ್ನು ಹೊಸದಾಗಿ ಕಟ್ಟಿ 'ಜಾಗ್ವಾರ್‌ನ ಸೇಡು' ಅಂತ ಹೆಸರಿಟ್ಟು ಹೊರಗೆ ಬಿಟ್ಟರು. ಇದನ್ನು ಕೇಳಿ ನಮ್ಮ ಕೂಲಿ ಹುಡುಗ ಚಪ್ಪಾಳೆ ತಟ್ಟಿದ.

ಅದೇ ಬಳಗದ ಇನ್ನೊಂದು ತಂಡ ಡ್ರೆಕ್ಸಿಯ. ಅವರದು ಒಂದು ಪುರಾಣ. ಗುಲಾಮರ ಹಡಗುಗಳಿಂದ ಗರ್ಭಿಣಿಯರನ್ನು ಸಮುದ್ರಕ್ಕೆ ಎಸೆದರಲ್ಲ, ಆ ಹೊಟ್ಟೆಯೊಳಗಿನ ಕೂಸುಗಳು ನೀರಿನಲ್ಲೇ ಉಸಿರಾಡುವುದನ್ನು ಕಲಿತು ಕಡಲ ತಳದಲ್ಲಿ ಒಂದು ನಾಡು ಕಟ್ಟಿಕೊಂಡಿವೆಯಂತೆ. 1997ರ ಒಂದು ತಟ್ಟೆಯ ಜೊತೆ ಇದನ್ನು ಅಚ್ಚು ಹಾಕಿದ್ದರು. ಈ ಕತೆ ಕಟ್ಟಿದವರಲ್ಲಿ ಒಬ್ಬರಾದ ಜೇಮ್ಸ್ ಸ್ಟಿನ್ಸನ್ 2002ರಲ್ಲಿ ತೀರಿಕೊಂಡರು. ಅವರ ಹೆಸರು ಹೆಚ್ಚಾಗಿ ಜನಕ್ಕೆ ತಿಳಿದದ್ದೇ ಆಮೇಲೆ. ಈ ಕತೆ ಹೇಳಿ ಮುಗಿಸಿದಾಗ ಹುಡುಗಿ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತು ಬರಲೇ ಇಲ್ಲ.

ಪೇಪರಿನವರು ಬೆನ್ನು ಹತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನದ್ದು ಒಂದಿದೆ. 'ಬ್ಯೂರಿಯಲ್' ಅಂತ ಹೆಸರಿಟ್ಟುಕೊಂಡು ಒಬ್ಬ ಯಾರಿಗೂ ಕಾಣದೆ ಸಂಗೀತ ಮಾಡುತ್ತಿದ್ದ. 2008ರಲ್ಲಿ ಅವನ ತಟ್ಟೆ ಮರ್ಕ್ಯುರಿ ಬಹುಮಾನದ ಪಟ್ಟಿಗೆ ಬಂತು. 'ದಿ ಸನ್' ಪತ್ರಿಕೆ ಇವನನ್ನು ಹಿಡಿದು ತೋರಿಸಿಯೇ ಬಿಡುತ್ತೇವೆ ಅಂತ ಹೊರಟಿತು. ಬೇರೆ ಪ್ರಸಿದ್ಧರ ಹೆಸರುಗಳೆಲ್ಲಾ ತೇಲಾಡಿದವು. ಕೊನೆಗೆ ಆತನೇ ಒಂದು ಫೋಟೋ ಹಾಕಿ, ನಾನು ವಿಲ್ ಬೆವನ್, ನನ್ನ ಪಾಡಿಗೆ ಹಾಡು ಕಟ್ಟಿಕೊಂಡಿರಲು ಬಿಡಿ ಅನ್ನುವ ಅರ್ಥದಲ್ಲಿ ಬರೆದ. ಬಹುಮಾನ ಬೇರೆಯವರಿಗೆ ಹೋಯಿತು. ಪಾಪ, ಅವನೇನು ಕೊಲೆ ಮಾಡಿದ್ದನೆ?

ಇಷ್ಟಾದ ಮೇಲೆ ನಮಗೆಲ್ಲಾ ಧೈರ್ಯ ಬಂದುಬಿಟ್ಟಿತು. ನಾವೂ ಡೆಟ್ರಾಯಿಟ್‌ನವರ ಹಾಗೇ, ಮುಖ ಕೊಡೋದು ಬೇಡ, ಹೆಸರೂ ಕೊಡೋದು ಬೇಡ ಅಂತ ತೀರ್ಮಾನ ಮಾಡುವುದರಲ್ಲಿದ್ದೆವು. ಅಷ್ಟು ಹೊತ್ತೂ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ನಮ್ಮ ತಮಟೆಯ ಅಜ್ಜ ಬಾಯಿ ಬಿಟ್ಟರು.

'ನನ್ ಹೆಸ್ರು ನಾನು ಹೇಳ್ತೀನಿ ಕಣ್ರಪ್ಪ.'

ನಾವು ತಿಳಿಸಿ ಹೇಳಲು ಹೋದೆವು. ಅಜ್ಜ ಕೇಳಲಿಲ್ಲ. 'ಅರವತ್ತು ವರ್ಷ ಬಾರ್ಸಿವ್ನಿ. ಊರೋರು ಬಾರೋ ತಮಟೆಯೋನೆ ಅಂತವೇ ಕರ್ದವ್ರೆ. ಹೆಣ ಮಣ್ಣಾದ್ಮೇಲೆ ಹೆಣದೋರ ಹೆಸರು ಕಲ್ಲಿನ ಮ್ಯಾಲೆ ಬರೀತಾರೆ. ಅದರ ಮುಂದೆ ಬಾರಿಸ್ಕೊಂಡು ಹೋದೋನ ಹೆಸರು ಎಲ್ಲೈತೆ? ನೀವು ಓದ್ದೋರು, ಹೆಸ್ರು ಇದ್ದೋರು, ಮುಚ್ಕಂತೀರಿ. ನಾನು ಏನ ಮುಚ್ಕಳ್ಲಿ?'

ನಾವು ಬಾಯಿ ಮುಚ್ಚಿದೆವು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಪೇಪರಿನಲ್ಲಿ ಬಂದ ಚಿತ್ರವನ್ನು ಈ ಅಜ್ಜ ಮಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾರೆ. ನಮಗೆ ಅದು ಗೊತ್ತಿತ್ತು. ಗೊತ್ತಿದ್ದೂ ಯೋಚನೆ ಮಾಡಿರಲಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಗಿ ಬಂತು, ನಮ್ಮ ಕೇರಿಗೆ ಮಾತ್ರ ಅದು ಪುಸ್ತಕವಾಗಿ ಬರಲಿಲ್ಲ, ಗಂಟಲಿನಿಂದ ಗಂಟಲಿಗೆ ಬಂತು, ಬರೆದವರು ಯಾರು ಅಂತ ಕೇಳದೆಯೇ ಹಾಡಿದೆವು, ಇದೇ ನಮ್ಮ ದೊಡ್ಡಸ್ತಿಕೆ ಅಂತ ನಾವು ವೇದಿಕೆ ಮೇಲೆ ಭಾಷಣ ಮಾಡುತ್ತೇವೆ. ಬರೆದವರ ಹೆಸರಾದರೂ ಪುಸ್ತಕದ ಮೇಲಿತ್ತು. ಅಜ್ಜನ ತಮಟೆಯ ಮೇಲೆ ಏನಿದೆ? ಡೆಟ್ರಾಯಿಟ್‌ನವರು ಇದ್ದ ಹೆಸರನ್ನು ಮಾರುಕಟ್ಟೆಗೆ ಕೊಡಲಿಲ್ಲ. ಇವರ ಹತ್ತಿರ ಯಾರೂ ಕೇಳಿಯೇ ಇರಲಿಲ್ಲ. ಎರಡನ್ನೂ ಒಂದೇ ಟವೆಲ್ಲಿನಲ್ಲಿ ಸುತ್ತಲು ಹೊರಟಿದ್ದೆವು ನಾವು.

ಮಾರನೆಯ ದಿನ ಟೀವಿಯವರು ಬಂದರು. ಅಜ್ಜ ತಲೆಗೆ ಎಣ್ಣೆ ಹಚ್ಚಿ, ಬಿಳಿ ಅಂಗಿ ಹಾಕಿ, ಹುಲ್ಲುರಿಗೆ ತಮಟೆ ಕಾಯಿಸಿ ಮುಂದೆ ನಿಂತರು. ತಮ್ಮ ಹೆಸರು, ಅಪ್ಪನ ಹೆಸರು, ಅಪ್ಪನ ಅಪ್ಪನ ಹೆಸರು, ಮೂರು ಸಲ ಹೇಳಿದರು. ನಾವು ಆರು ಜನ ಟವೆಲ್ಲು ಕಟ್ಟಿ ಹಿಂದೆ ನಿಂತೆವು.

ಸಾಯಂಕಾಲ ಕೇರಿಯೆಲ್ಲಾ ಒಂದು ಟೀವಿಯ ಮುಂದೆ ಕೂತಿತ್ತು. ತೋರಿಸಿದರು. ಟವೆಲ್ಲಿನ ಮುಖಗಳಿಗೆ ಸುತ್ತ ಕೆಂಪು ಗೆರೆ ಎಳೆದು 'ಯಾರು ಈ ನಿಗೂಢ ಗಾಯಕರು?' ಅಂತ ಮತ್ತೆ ಮತ್ತೆ ಕೇಳಿದರು. ಗೋಮಾಳದ ಮಾತೇ ಇಲ್ಲ. ಅಜ್ಜ ಒಂದು ನಾಲ್ಕು ಸೆಕೆಂಡು ಬಂದರು. ದನಿ ಇರಲಿಲ್ಲ. ಕೆಳಗೆ 'ಜಾನಪದ ಕಲಾವಿದ' ಅಂತ ಬರೆದಿತ್ತು.

ಅಜ್ಜನಿಗೆ ಓದಲು ಬರುವುದಿಲ್ಲ. 'ನನ್ ಹೆಸ್ರೇನ್ಲಾ ಬರ್ದವ್ರೆ ಅಲ್ಲಿ?' ಅಂತ ಕೇಳಿದರು. ಅವರ ಮೊಮ್ಮಗಳು ಐದನೇ ಕ್ಲಾಸು, ನಮ್ಮ ಮುಖ ನೋಡಿದಳು. ಆಮೇಲೆ ಇದ್ದದ್ದನ್ನು ಇದ್ದಹಾಗೇ ಓದಿ ಹೇಳಿದಳು.

ಇದನ್ನು ಬರೆಯಲು ಕೂತಾಗ, ಇಲ್ಲಾದರೂ ಅಜ್ಜನ ಹೆಸರು ಹಾಕೋಣ ಅಂದುಕೊಂಡಿದ್ದೆವು. ಅವರ ಹೆಸರು ಹಾಕಿದರೆ ಊರು ಗೊತ್ತಾಗುತ್ತದೆ. ಊರು ಗೊತ್ತಾದರೆ ಮಿಕ್ಕ ಆರು ಜನ ಯಾರು ಅನ್ನುವುದನ್ನು ಹುಡುಕಲು ಯಾವ ಟೀವಿಯೂ ಬೇಕಿಲ್ಲ. ಹೋಗಿ ಅಜ್ಜನಿಗೆ ಹೇಳಿದೆವು. 'ನಿಮ್ ಪತ್ರಿಕೇಲೂ ಇಲ್ವಾ?' ಅಂದರು. ಅದಾದ ಮೇಲೆ ಎರಡು ಸಲ ಅಭ್ಯಾಸಕ್ಕೆ ಕರೆದೆವು. ಇನ್ನೂ ಬಂದಿಲ್ಲ.