ಹನಿಯ ಬೆಲೆ
1995ರಲ್ಲಿ ತೆರೆಕಂಡ ‘ವಾಟರ್‌ವರ್ಲ್ಡ್’ ಚಿತ್ರಕ್ಕೆ ಸುಮಾರು 17.5 ಕೋಟಿ ಡಾಲರ್ ವ್ಯಯವಾಯಿತು. ಅಂದಿಗೆ ಅದೇ ಅತ್ಯಂತ ದುಬಾರಿ ಚಿತ್ರ. ಹಿಮವೆಲ್ಲ ಕರಗಿ ನೆಲ ಮುಳುಗಿದ ಆ ಲೋಕದಲ್ಲಿ ಹಿಡಿ ಮಣ್ಣೇ ಹೊನ್ನು. ನಾಯಕನು ತನ್ನ ಮೂತ್ರವನ್ನೇ ಶೋಧಿಸಿ ಕುಡಿಯುತ್ತಾನೆ. ಕುಂಡದ ನಿಂಬೆಗಿಡಕ್ಕೂ ಒಂದು ಗುಟುಕು ಉಳಿಸುತ್ತಾನೆ. ಮಾತಿಲ್ಲದ ಈ ದೃಶ್ಯವೊಂದೇ ನೀರಿನ ಬೆಲೆಯನ್ನು ಮನಗಾಣಿಸುತ್ತದೆ. ಹವಾಯಿಯ ಕಡಲಿನಲ್ಲಿ ನಿಜವಾಗಿಯೇ ಕಟ್ಟಿದ ತೇಲುವ ಊರೂ ಮೆಚ್ಚತಕ್ಕದ್ದೇ.

ಆದರೆ ಮುಂದೆ ಸ್ಫೋಟಗಳ ಅಬ್ಬರದಲ್ಲಿ ಕಥೆ ಸೊರಗುತ್ತದೆ. ಖಳನು ಭಯಕ್ಕಿಂತ ನಗೆಯನ್ನೇ ತರುತ್ತಾನೆ. ಚಿತ್ರೀಕರಣದ ವೇಳೆ ಸೆಟ್ಟೊಂದು ಸಮುದ್ರದ ಪಾಲಾಯಿತು. ಲೋಕದಾದ್ಯಂತ ಗಳಿಕೆ 26 ಕೋಟಿ ಡಾಲರ್ ದಾಟಿದರೂ ಅಮೆರಿಕದಲ್ಲಿ 9 ಕೋಟಿ ಮುಟ್ಟದೆ, ‘ಸೋತ ಚಿತ್ರ’ವೆಂಬ ಹೆಸರು ಅಂಟಿಕೊಂಡಿತು.

ಹನಿಯನ್ನೂ ಕಾಯಬೇಕೆಂದ ಚಿತ್ರಕ್ಕೆ ಕೈಯಲ್ಲಿದ್ದ ಧನವನ್ನು ಕಾಯುವುದು ತಿಳಿಯಲಿಲ್ಲ. ಹೇಳುವವನ ಖರ್ಚಿನ ಲೆಕ್ಕವೇ ಅವನ ಉಪದೇಶಕ್ಕೆ ಮೊದಲ ಸಾಕ್ಷಿ.