ಗೋಮಾಳದ ಗಾಳಿ

ನಮ್ಮ ಅಪ್ಪಯ್ಯನ ಪೆಟ್ಟಿಗೆಯಲ್ಲಿ ಜಮೀನಿನ ಪಹಣಿ, ಸೊಸೈಟಿಯ ಸಾಲದ ಪುಸ್ತಕ, ನಮ್ಮೆಲ್ಲರ ಜಾತಕಗಳು, ಇವುಗಳ ಜೊತೆಗೆ ಇನ್ನೊಂದು ಚಿಕ್ಕ ಪುಸ್ತಕ ಇರುತ್ತಿತ್ತು. ಅದು ರೇಡಿಯೋ ಲೈಸೆನ್ಸು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ರೇಡಿಯೋ ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿದ್ದ ಕಾಲ ಅದು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. 1980ರ ದಶಕದ ನಡುವಿನವರೆಗೂ ಈ ಪದ್ಧತಿ ಇತ್ತು.

ಒಂದು ವರ್ಷ ಅಡಕೆಗೆ ಕೊಳೆರೋಗ ಬಂದು ಕೈಯಲ್ಲಿ ಕಾಸಿಲ್ಲದೆ ಅಪ್ಪಯ್ಯ ಲೈಸೆನ್ಸಿನ ಹಣ ಕಟ್ಟಲಿಲ್ಲ. ಯಾರೋ ಇನ್ಸ್‌ಪೆಕ್ಟರು ಮನೆಮನೆಗೆ ಬರುತ್ತಾನಂತೆ ಎಂಬ ಸುದ್ದಿ ಹುಟ್ಟಿತು. ನಮ್ಮ ರೇಡಿಯೋ ಭತ್ತದ ಕಣಜ ಸೇರಿತು. ಮೂರು ದಿನ ಅಪ್ಪಯ್ಯ ವಾರ್ತೆ ಕೇಳದೆ ಚಡಪಡಿಸಿದರು. ಇನ್ಸ್‌ಪೆಕ್ಟರು ಬರಲೇ ಇಲ್ಲ. ಆದರೂ ಅಪ್ಪಯ್ಯನಿಗೆ ಸಮಾಧಾನವಾಗಲಿಲ್ಲ. ಯಾರ ಹತ್ತಿರವೋ ಕೈಗಡ ತಂದು, ತೀರ್ಥಹಳ್ಳಿಗೆ ಹೋಗಿ, ತಡವಾದದ್ದಕ್ಕೆ ದಂಡವನ್ನೂ ಸೇರಿಸಿ ಕಟ್ಟಿ ಬಂದರು. "ಬಾರದ ಇನ್ಸ್‌ಪೆಕ್ಟರಿಗೆ ದಂಡ ಕಟ್ಟಿದ ಮಹಾನುಭಾವ" ಎಂದು ಅಮ್ಮ ಬಹಳ ಕಾಲ ಆಡಿಕೊಳ್ಳುತ್ತಿದ್ದಳು.

ಈ ಪುಸ್ತಕ ನನಗೆ ಮತ್ತೆ ನೆನಪಾದದ್ದು 2021ರಲ್ಲಿ, ನನ್ನದೇ ಒಂದು ಕಿತಾಪತಿಯ ದೆಸೆಯಿಂದ.

ಅದರ ಹಿಂದಿನ ವರ್ಷ ಕೊರೋನಾ ಬಂದಾಗ ಬೆಂಗಳೂರಿನಿಂದ ಮಗಳು ಮೊಮ್ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ನಮ್ಮ ಕಡೆಯ ಮನೆಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಎಂಟು ಅಂಕಣದ ಮನೆ, ಒಳಗೆ ಇಬ್ಬರು ಮುದುಕರು. ಅಂಥ ಮನೆಯಲ್ಲಿ ಹತ್ತು ವರ್ಷದ ಹುಡುಗಿ ಓಡಾಡುತ್ತಾಳೆಂದರೆ, ಊರಿಗೆಲ್ಲ ಬಂದ ರೋಗದ ನಡುವೆ ಸಂತೋಷಪಡುವುದು ತಪ್ಪೆಂದು ಗೊತ್ತಿದ್ದೂ, ನಾವು ಸಂತೋಷಪಟ್ಟೆವು. ತೊಂದರೆ ಒಂದೇ: ಮಗಳ ಕೆಲಸಕ್ಕೂ ಮೊಮ್ಮಗಳ ಪಾಠಕ್ಕೂ ಇಂಟರ್ನೆಟ್ ಬೇಕು. ಮೊಬೈಲ್ ಸಿಗ್ನಲ್ಲು ಸಿಗುತ್ತಿದ್ದದ್ದು ಮನೆಯ ಹಿಂದಿನ ಗುಡ್ಡದ ಒಂದು ಬಂಡೆಯ ಮೇಲೆ ಮಾತ್ರ. ಮೊಮ್ಮಗಳು ಕೊಡೆ ಹಿಡಿದು ಅಲ್ಲಿ ಕೂತು ಗಣಿತ ಕಲಿತಳು.

ಆಗ ಬಂದವನು ಆ ಹುಡುಗ. ನನ್ನ ಹಳೆಯ ಶಿಷ್ಯನ ಮಗ, ಡಿಪ್ಲೊಮಾ ಓದಿದವನು. ಪೇಟೆಯಲ್ಲಿ ಇಂಟರ್ನೆಟ್ ಲೈಸೆನ್ಸ್ ಇರುವ ಒಂದು ಸಣ್ಣ ಕಂಪನಿಯ ಜೊತೆ ಸೇರಿಕೊಂಡು ಹಳ್ಳಿಗಳಿಗೆ ಡಿಶ್ ಮೂಲಕ ನೆಟ್ ಕೊಡುತ್ತಿದ್ದ.

"ಮೇಷ್ಟ್ರೇ, ನಿಮ್ಮ ಬಚ್ಚಲ ಮೇಲಿನ ತಾರಸಿಯಿಂದ ಪೇಟೆಯ ಟವರ್ ಸೀದಾ ಕಾಣ್ತದೆ. ಒಂದು ಕಂಬ ನಿಲ್ಲಿಸ್ಕೊಳ್ಳಲಾ? ನಿಮಗೆ ದುಡ್ಡು ಬೇಡ. ನಿಮ್ಮಲ್ಲಿಂದ ಹಿಂದಿನ ಕೇರಿಗೆಲ್ಲ ಕೊಡಬಹುದು."

ಕಂಬ ನಿಂತಿತು. ಎರಡು ದಿನದಲ್ಲಿ ಮೊಮ್ಮಗಳು ಬಂಡೆಯಿಂದ ಇಳಿದು ಜಗಲಿಗೆ ಬಂದಳು. ಹುಡುಗ ಅರವತ್ತು ಮನೆಗಳಿಗೆ ಹೀಗೆ ನೆಟ್ ಕೊಟ್ಟಿದ್ದ. ಆ ಡಿಶ್ಶುಗಳಿಗೆಲ್ಲ ಅವನ ತಾಯಿಯ ಬಂಗಾರ ಬ್ಯಾಂಕಿನಲ್ಲಿ ಅಡವಿತ್ತು ಎಂದು ಆಮೇಲೆ ತಿಳಿಯಿತು.

ಮೇಷ್ಟ್ರ ಬುದ್ಧಿ ಸುಮ್ಮನಿರುವುದಿಲ್ಲ. "ಇದಕ್ಕೆ ಲೈಸೆನ್ಸು ಬೇಡವೇನೋ?" ಎಂದು ಕೇಳಿದೆ. ಅವನು ಹೇಳಿದ್ದು ಸ್ವಾರಸ್ಯವಾಗಿತ್ತು. ಇಂಟರ್ನೆಟ್ ಮಾರುವುದಕ್ಕೆ ಲೈಸೆನ್ಸು ಬೇಕು. ಅದರಲ್ಲಿ ಎ, ಬಿ, ಸಿ ಎಂದು ಮೂರು ದರ್ಜೆ. ದೇಶಕ್ಕೆಲ್ಲ, ರಾಜ್ಯದಷ್ಟಕ್ಕೆ, ಸರಿಸುಮಾರು ಒಂದು ಜಿಲ್ಲೆಯಷ್ಟಕ್ಕೆ. ಆದರೆ ಡಿಶ್ಶು ಬಳಸುವ ಗಾಳಿಯ ಅಲೆಗಳಿಗೆ ಬೇಡ. ನಮ್ಮ ದೇಶದಲ್ಲಿ 1885ರ ಟೆಲಿಗ್ರಾಫ್ ಕಾಯಿದೆ, 1933ರ ವೈರ್‌ಲೆಸ್ ಕಾಯಿದೆಗಳ ಪ್ರಕಾರ ಅಪ್ಪಣೆಯಿಲ್ಲದೆ ಯಾವ ನಿಸ್ತಂತು ಯಂತ್ರವನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಅಪ್ಪಯ್ಯನ ರೇಡಿಯೋ ಕಣಜ ಸೇರಿದ್ದು ಈ ಕಾಯಿದೆಗಳ ಭಯಕ್ಕೇ. ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಎಂಬ ಪಟ್ಟಿಗೆ ಈ ಕಟ್ಟಳೆಯಿಂದ ವಿನಾಯಿತಿ ಕೊಟ್ಟಿತು. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸಿನ ಆಸುಪಾಸಿನಲ್ಲಿ 605 ಮೆಗಾಹರ್ಟ್ಸಿನಷ್ಟು ಅಗಲದ ಜಾಗವನ್ನು ತೆರವು ಮಾಡಿತು. ನನ್ನ ತಾರಸಿಯ ಡಿಶ್ಶು ಮಾತಾಡುತ್ತಿದ್ದದ್ದು ಆ ಜಾಗದ ತುದಿಯಲ್ಲಿ, 5.8ರ ಹತ್ತಿರ.

ಮಲೆನಾಡಿನವರಿಗೆ ಇದನ್ನು ತಿಳಿಸುವುದು ಸುಲಭ. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಂಡ ಅಲೆಗಳು ಸೊಪ್ಪಿನಬೆಟ್ಟ ಇದ್ದಂತೆ. ಇಂಥ ತೋಟಕ್ಕೆ ಇಂಥ ಬೆಟ್ಟ; ಬೇರೆಯವರು ಕತ್ತಿ ಹಿಡಿದು ಹೋದರೆ ಜಗಳ. ಈ ಬಿಟ್ಟಿ ಪಟ್ಟಿ ಗೋಮಾಳ. ಯಾರ ದನ ಬೇಕಾದರೂ ಮೇಯಬಹುದು. ಆದರೆ ಸರ್ಕಾರ ಮೂರು ಮಾತು ಸೇರಿಸಿದೆ: ಇನ್ನೊಬ್ಬರಿಗೆ ತೊಂದರೆ ಕೊಡಕೂಡದು, ನಿನಗೆ ತೊಂದರೆಯಾದರೆ ರಕ್ಷಣೆ ಕೇಳಕೂಡದು, ನನ್ನದೊಬ್ಬನದೇ ಎನ್ನಕೂಡದು. ಮೊದಲನೆಯದೂ ಎರಡನೆಯದೂ ಒಟ್ಟಿಗೆ ಓದಿದರೆ ಸ್ವಲ್ಪ ತಲೆ ಕೆರೆದುಕೊಳ್ಳುವಂತಾಗುತ್ತದೆ. ನೆರೆಯವನು ತೊಂದರೆ ಕೊಡಬಾರದು, ಕೊಟ್ಟರೆ ನಾನು ದೂರಬಾರದು! ಇದು ಕಾನೂನೋ, ಹಿರಿಯರ ಉಪದೇಶವೋ?

ಇದಲ್ಲದೆ ಒಂದು ಅಳತೆಯೂ ಉಂಟು. ಡಿಶ್ಶು ಬೀರುವ ಶಕ್ತಿ, ಅದು ಮುಖ ಮಾಡಿದ ದಿಕ್ಕಿನಲ್ಲಿ ಲೆಕ್ಕ ಹಾಕಿದರೆ, ನಾವು ಬಳಸುತ್ತಿದ್ದ ಪಟ್ಟಿಯಲ್ಲಿ 4 ವ್ಯಾಟ್ ಮೀರಬಾರದು. ನಮ್ಮ ದೇವರ ಮನೆಯಲ್ಲಿದ್ದ ಹಳೆಯ ಸೊನ್ನೆ ಕ್ಯಾಂಡಲ್ ಬಲ್ಬು ಇದರ ಮೂರು ಪಾಲಿಗಿಂತ ಕಡಿಮೆಯೇನೂ ಸುಡುತ್ತಿರಲಿಲ್ಲ. ಅಷ್ಟರಲ್ಲೇ ಕಣಿವೆ ದಾಟಿ ಬೆಂಗಳೂರಿನ ಮೀಟಿಂಗು ನಮ್ಮ ಜಗಲಿಗೆ ಬರುತ್ತದೆಂದರೆ ನಾನು ಇವತ್ತಿಗೂ ಕಂಬದ ಕಡೆ ಒಮ್ಮೆ ಗೌರವದಿಂದ ನೋಡುತ್ತೇನೆ.

2021ರ ಮಳೆಗಾಲ ಕಳೆಯುವ ಹೊತ್ತಿಗೆ ಎದುರು ಗುಡ್ಡದ ಮೇಲೆ ಇನ್ನೊಂದು ಕಂಬ ಎದ್ದಿತು. ಅದೂ ಇಂಥದೇ ಇನ್ನೊಬ್ಬ ಹುಡುಗನದು. ಅಲ್ಲಿಂದಾಚೆಗೆ ನಮ್ಮ ನೆಟ್ ಮಧ್ಯಾಹ್ನದ ಮೇಲೆ ಏದುಸಿರು ಬಿಡತೊಡಗಿತು. ಮಗಳು ಮೀಟಿಂಗಿನ ನಡುವೆ ಕಲ್ಲಿನ ವಿಗ್ರಹದ ಹಾಗೆ ನಿಂತುಬಿಡುತ್ತಿದ್ದಳಂತೆ. ಮೇಲಿನವರು ಎರಡು ಸಲ ಎಚ್ಚರಿಕೆ ಕೊಟ್ಟರು. ಒಂದು ರಾತ್ರಿ ಊಟ ಮಾಡುತ್ತಾ, "ಹೀಗೇ ಆದರೆ ನಾನು ಬೆಂಗಳೂರಿಗೆ ಹೋಗಬೇಕಾಗ್ತದೆ ಅಪ್ಪಾ" ಎಂದಳು. ನನ್ನ ಹೆಂಡತಿ ಬಡಿಸುವ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು.

ಬೆಳಗಾಗುತ್ತಲೇ ಹುಡುಗನನ್ನು ಕರೆಸಿದೆ.

"ಪವರ್ ಜಾಸ್ತಿ ಮಾಡೋಕೆ ಆಗಲ್ವೇನೋ?"

"ಆಗ್ತದೆ ಮೇಷ್ಟ್ರೇ, ಆದ್ರೆ ಮಾಡಬಾರ್ದು. ಬಾಕ್ಸಲ್ಲಿ ಇಂಡಿಯಾ ಅಂತ ಇಟ್ರೆ ಅದು ಇಲ್ಲಿನ ಮಿತಿ ದಾಟಲ್ಲ. ದೇಶ ಬದಲಾಯಿಸಿದ್ರೆ ದಾಟ್ತದೆ."

"ಹಾಗಾದ್ರೆ ಬದಲಾಯಿಸು. ಈ ಕಾಡಿಗೆ ಯಾರು ನೋಡೋಕೆ ಬರ್ತಾರೆ?"

ಹುಡುಗ ತಲೆ ತಗ್ಗಿಸಿ ನಿಂತ. ಅವನ ಅಪ್ಪನಿಗೆ ನಾನು ಬೆತ್ತದಲ್ಲಿ ಹೊಡೆದು ಪಾಠ ಹೇಳಿದವನು. ಮಗ ನನಗೆ ಎದುರಾಡುವುದುಂಟೆ? ಲ್ಯಾಪ್‌ಟಾಪ್ ತೆರೆದು ಏನೋ ಒತ್ತಿದ. ಒಂದು ನಿಮಿಷದಲ್ಲಿ ನನ್ನ ಬಚ್ಚಲ ತಾರಸಿ ಇನ್ಯಾವುದೋ ದೇಶಕ್ಕೆ ಸೇರಿಹೋಯಿತು. ಸಂಜೆ ಮಗಳು, "ಇವತ್ತು ಎಷ್ಟು ಚೆನ್ನಾಗಿ ಬಂತು!" ಎಂದಳು. ಅಂದು ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಎರಡು ವಾರವಾಗಿರಬಹುದು. ಬಿ.ಪಿ. ಮಾತ್ರೆಗೆಂದು ಕಣಿವೆಯ ಆರೋಗ್ಯ ಉಪಕೇಂದ್ರಕ್ಕೆ ಹೋದೆ. ನರ್ಸಮ್ಮ ಇರಲಿಲ್ಲ, ಬಾಗಿಲಲ್ಲಿ ಒಬ್ಬ ಮುದುಕಿ ಕೆಮ್ಮುತ್ತಾ ಕೂತಿದ್ದಳು. ಅರ್ಧ ಗಂಟೆಯ ಮೇಲೆ ನರ್ಸಮ್ಮ ಏದುಸಿರು ಬಿಡುತ್ತಾ ಗುಡ್ಡದ ಕಡೆಯಿಂದ ಇಳಿದು ಬಂದರು.

"ಏನು ಸಿಸ್ಟರ್, ಈ ಬಿಸಿಲಲ್ಲಿ ಗುಡ್ಡ ಹತ್ತಿದ್ರಿ?"

"ಏನು ಹೇಳೋದು ಮೇಷ್ಟ್ರೇ, ಎರಡು ವಾರ ಆಯ್ತು, ಮಧ್ಯಾಹ್ನ ಆದ್ರೆ ನೆಟ್ಟೇ ಇಲ್ಲ. ಶಿವಮೊಗ್ಗದ ಡಾಕ್ಟ್ರಿಗೆ ವೀಡಿಯೋದಲ್ಲಿ ತೋರಿಸೋಣ ಅಂದ್ರೆ ಆಗಲ್ಲ. ಈ ಅಜ್ಜಿಯ ರಿಪೋರ್ಟು ಕಳಿಸೋಕೆ ಮೇಲಿನವರೆಗೂ ಹೋಗಿ ಬಂದೆ."

ಉಪಕೇಂದ್ರದ ಹಂಚಿನ ಮೇಲೆ ಒಂದು ಪುಟ್ಟ ಡಿಶ್ಶು ಇತ್ತು. ಎದುರು ಗುಡ್ಡದ ಕಂಬದಿಂದ ಬಂದ ನೆಟ್. ನಮ್ಮ ತಾರಸಿಗೂ ಪೇಟೆಗೂ ನಡುವೆ ಈ ಕಣಿವೆ. ಎರಡು ವಾರ ಎಂದಾಗಲೇ ನನಗೆ ಲೆಕ್ಕ ಸಿಕ್ಕಿತ್ತು. ನಾನು ಮಾತ್ರೆ ತೆಗೆದುಕೊಂಡು, "ಸರಿಯಾಗ್ತದೆ ಬಿಡಿ ಸಿಸ್ಟರ್" ಎಂದು ಹೇಳಿ ಬಂದೆ.

ಹುಡುಗನಿಗೆ ಹೇಳಿದೆ. ಅವನು ನನ್ನನ್ನು ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಅಂದೇ ಬಾಕ್ಸನ್ನು ಇಂಡಿಯಾಕ್ಕೆ ತಂದ. ಭಾನುವಾರ ಎದುರು ಗುಡ್ಡದ ಹುಡುಗನನ್ನು ನಮ್ಮ ಮನೆಗೇ ಕರೆತಂದ. ಇಬ್ಬರೂ ಕಾಫಿ ಕುಡಿದು, ಒಂದು ಹಾಳೆಯ ಮೇಲೆ ಗೆರೆ ಎಳೆದು, ಕೆಳಗಿನ ಚಾನೆಲ್ ನಿನಗೆ, ಮೇಲಿನದು ನನಗೆ ಎಂದು ಹಂಚಿಕೊಂಡರು. ಒಬ್ಬ ತನ್ನ ಡಿಶ್ಶನ್ನು ಒಂದಷ್ಟು ತಿರುಗಿಸಲು ಒಪ್ಪಿದ. ಅರ್ಧ ಗಂಟೆಯ ಕೆಲಸ. ದೆಹಲಿಯಲ್ಲಿ ಇದಕ್ಕೆಂದೇ ವೈರ್‌ಲೆಸ್ ಪ್ಲಾನಿಂಗ್ ವಿಭಾಗ ಇದೆ, ಅಲೆಗಳನ್ನು ಕಾಯುವ ನಿಗಾ ಕೇಂದ್ರಗಳಿವೆ. ನಮ್ಮ ಗುಡ್ಡದ ವ್ಯಾಜ್ಯ ಮಾತ್ರ ಜಗಲಿಯಲ್ಲಿ ತೀರಿತು. ಎಲ್ಲ ಕಡೆ ಹೀಗೇ ತೀರುತ್ತದೆಂದು ನಾನು ಹೇಳಲಾರೆ. ಆ ಇಬ್ಬರಲ್ಲೊಬ್ಬ ನನ್ನಂಥವನಾಗಿದ್ದರೆ ತೀರುತ್ತಿರಲಿಲ್ಲ.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಈ ಲೈಸೆನ್ಸಿಲ್ಲದ ಗಾಳಿಯ ಕತೆಗೆ ದೊಡ್ಡ ತಿರುವು ಸಿಕ್ಕಿದ್ದು ಅಮೆರಿಕದಲ್ಲಿ, 1985ರ ಮೇ 9ರಂದು. ಅಂದು ಅಲ್ಲಿನ ಸಂಪರ್ಕ ಆಯೋಗ ಮೈಕ್ರೋವೇವ್ ಒಲೆ ಮೊದಲಾದವು ಗಲಾಟೆ ಮಾಡುವ ಕೆಲವು ಪಟ್ಟಿಗಳಲ್ಲಿ, ಮಿತಿಯೊಳಗೆ, ಯಾರು ಬೇಕಾದರೂ ಮಾತುಕತೆಯ ಯಂತ್ರ ನಡೆಸಬಹುದೆಂದು ಬಿಟ್ಟಿತು. ವೈಫೈ ಬೆಳೆದದ್ದು ಆ ಗೋಮಾಳದಲ್ಲೇ. ಅದೇ ವರ್ಷ ಆಗಸ್ಟ್ 2ರಂದು ಡಲ್ಲಾಸಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಮೋಡದಿಂದ ಧುಮ್ಮಿಕ್ಕುವ ಗಾಳಿಗೆ ಸಿಕ್ಕಿ ನೆಲಕ್ಕೆ ಬಿದ್ದು 137 ಜನ ಸತ್ತರು. ಅಂಥ ಗಾಳಿಯನ್ನು ಮೊದಲೇ ಕಾಣುವುದಕ್ಕೆ ದೊಡ್ಡ ವಿಮಾನ ನಿಲ್ದಾಣಗಳ ಬಳಿ ರಾಡಾರುಗಳನ್ನು ನೆಟ್ಟರು. ಅವು ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸಿನಲ್ಲಿ. ಮುಂದೆ 5 ಗಿಗಾಹರ್ಟ್ಸೂ ಗೋಮಾಳವಾದಾಗ, ರಾಡಾರಿನ ದನಿ ಕೇಳಿದರೆ ಡಿಶ್ಶು ತಾನಾಗಿ ಆ ಚಾನೆಲ್ ಬಿಟ್ಟು ಸರಿಯಬೇಕೆಂದು ಕಟ್ಟಳೆ ಮಾಡಿದರು. 2009ರ ಹೊತ್ತಿಗೆ ಪೋರ್ಟೊರಿಕೊದ ಸಾನ್ ಹುವಾನಿನ ರಾಡಾರಿನ ಪರದೆಯ ಮೇಲೆ ಮಳೆಯಲ್ಲದ ಗೆರೆಗಳು ಕಾಣಿಸಿದವು. ಹುಡುಕಿಕೊಂಡು ಹೋದರೆ ಸಣ್ಣ ಇಂಟರ್ನೆಟ್ ಕಂಪನಿಗಳ ಡಿಶ್ಶುಗಳು. ಆ ಸರಿದು ನಿಲ್ಲುವ ಬುದ್ಧಿಯನ್ನು ಕೆಲವು ಕಡೆ ಆರಿಸಿಬಿಟ್ಟಿದ್ದರು. ಆಯೋಗ ದಂಡ ಹಾಕಿತು. ಅವರೂ ಯಾವುದೋ ಗುಡ್ಡದ ಮೇಲಿನ ಮನೆಗೆ, ಯಾರದೋ ಮಗಳ ಮೀಟಿಂಗಿಗೆ ನೆಟ್ ಕೊಡುತ್ತಿದ್ದವರೇ ಇರಬೇಕು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

1885ರದೂ 1933ರದೂ ಆದ ಹಳೆಯ ಕಾಯಿದೆಗಳ ಬದಲಿಗೆ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಮಾಡಿತು. ಮಗಳು 2022ರಲ್ಲೇ ಬೆಂಗಳೂರಿಗೆ ಹೋದಳು. ನೆಟ್ಟಿನ ದೆಸೆಯಿಂದಲ್ಲ, ಆಫೀಸಿಗೇ ಬರಬೇಕೆಂದು ಕರೆದರು. ಕಂಬ ಈಗಲೂ ತಾರಸಿಯ ಮೇಲಿದೆ. ಹುಡುಗ ಬಂಗಾರ ಬಿಡಿಸಿಕೊಂಡಿದ್ದಾನೆ.

ನಾನು ಪ್ರತಿ ತಿಂಗಳೂ ಮಾತ್ರೆಗೆ ಉಪಕೇಂದ್ರಕ್ಕೆ ಹೋಗುತ್ತೇನೆ. ಈ ಸಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತೇನೆ. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಾ, "ಮನೇಲಿ ನೆಟ್ ಚೆನ್ನಾಗಿ ಬರ್ತಾ ಮೇಷ್ಟ್ರೇ?" ಎಂದು ಕೇಳುತ್ತಾರೆ.

"ಬರ್ತದೆ ಸಿಸ್ಟರ್" ಎನ್ನುತ್ತೇನೆ.

"ಬಿ.ಪಿ. ಸ್ವಲ್ಪ ಜಾಸ್ತಿ ಇದೆಯಲ್ಲ" ಎನ್ನುತ್ತಾರೆ ಅವರು.